ಹಗೇವಿನೊಳಗೆ ಒಂಬತ್ತು ಮಿಂಚು

ಇದನ್ನು ನೀವು ನಂಬುವುದಿಲ್ಲ. ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆ. ನಮ್ಮ ಮನೆಯಲ್ಲೇ ನನ್ನ ಮಾತನ್ನು ನಂಬುವವರಿಲ್ಲ, ಇನ್ನು ನನ್ನ ಮುಖವನ್ನೇ ನೋಡದ ನೀವು ಯಾಕೆ ನಂಬಬೇಕು? ಒಂದು ಹಾವು ಕಂಡರೆ ಮೂರು ಎನ್ನುವವಳು ನಾನು. ಒಂಬತ್ತನೇ ತರಗತಿಯಲ್ಲಿ ನನ್ನ ಜ್ವರದ ಕಾವಿಗೆ ಥರ್ಮಾಮೀಟರ್ ಒಡೆದೇಹೋಯಿತು ಎಂದು ಇಡೀ ಶಾಲೆಯನ್ನು ನಂಬಿಸಿದ್ದೆ. ನಿಜ ಹೇಳಬೇಕೆಂದರೆ ಅದು ಅವ್ವನ ಕೈಜಾರಿ ಬಿದ್ದಿತ್ತು. ಆದರೆ ಈ ಸಂಗತಿಯಲ್ಲಿ ಎಣಿಕೆಯನ್ನು ಮಾತ್ರ ನಾನು ಹಿಗ್ಗಿಸಿಲ್ಲ. ಒಂಬತ್ತು ಎಂದರೆ ಒಂಬತ್ತೇ. ಉಳಿದದ್ದರಲ್ಲಿ ಅಲ್ಲಲ್ಲಿ ಉಪ್ಪು ಖಾರ ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂಥವನ್ನು ನಾನೂ ನಂಬಿದವಳಲ್ಲ. ಹುಣಸೆಮರದ ಕೆಳಗೆ ಯಾರೋ ಹೆಸರು ಹಿಡಿದು ಕರೆದರು ಎಂದು ಓಣಿಯಲ್ಲಿ ಯಾರಾದರೂ ಹೇಳಿದರೆ, "ನಿಮ್ಮ ಹೇಣ್ತೇ ಇರಬೇಕು ನೋಡ್ರಿ, ಊಟಕ್ಕ ಕರದಾಳ" ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಯಾವ ಹೊತ್ತಿಗೆ, ಎಷ್ಟು ಸಲ ಕರೆದರು ಎಂದು ಕೇಳುತ್ತೇನೆ. ಓಣಿಯವರಿಗೆ ಅದು ಇನ್ನೂ ಹೆಚ್ಚು ಹೆದರಿಕೆ ತರುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಾನಾಗ ಹತ್ತನೇ ತರಗತಿ. ನಮ್ಮ ಹಳ್ಳಿ ಮನೂರ್ ಕಡೆಯದು, ಶಾಲೆ ನಾರಾಯಣಖೇಡದಲ್ಲಿ. ಆರು ಜನರ ಆಟೋದಲ್ಲಿ ಹದಿನಾಲ್ಕು ಜನ ಮತ್ತು ಒಂದು ಆಡಿನಮರಿ ಕೂತು ಹೋಗುತ್ತಿದ್ದೆವು. ಆಡಿನಮರಿಗೆ ಮಾತ್ರ ಕಿಟಕಿ ಕಡೆಯ ಜಾಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಆಟೋದಲ್ಲಿ ಉರ್ದು, ಪರೀಕ್ಷೆಯಲ್ಲಿ ಇಂಗ್ಲಿಷು. ಮೂರೂವರೆ ಭಾಷೆಯಲ್ಲಿ ನಾನು ಜಂಬ ಕೊಚ್ಚಬಲ್ಲೆ. ಮನೆಗೆ ಒಬ್ಬಳೇ ಮಗಳು. ನನ್ನ ಅಪ್ಪನ ಅಪ್ಪ, ನಮ್ಮ ಮುತ್ಯಾ, ಕಟ್ಟೆಯ ಮೇಲೆ ಕೂತವರಿಗೆಲ್ಲ ನನ್ನ ಗುಣಗಾನ ಮಾಡುತ್ತಿದ್ದ. ಒಟ್ಟಿನಲ್ಲಿ ನನ್ನ ರಾಜ್ಯಭಾರ ಚೆನ್ನಾಗಿ ನಡೆದಿತ್ತು, ಮಲ್ಲು ಬರುವ ತನಕ.

ಮಲ್ಲು ನನ್ನ ದೊಡ್ಡವ್ವನ ಮಗ, ತಾಂಡೂರಿನವನು. ಅವರ ಮನೆಯ ಪಕ್ಕದಲ್ಲೇ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆ. ಅಲ್ಲಿ ಸೂರ್ಯ ಕೂಡ ಟವೆಲು ಕಟ್ಟಿಕೊಂಡು ಹುಟ್ಟುತ್ತಾನೆ, ಅಷ್ಟು ಧೂಳು. ಮಲ್ಲುವಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಒಂದು ವರ್ಷ ಬೇರೆ ಊರಲ್ಲಿ ಇಡಿ ಎಂದರು ಡಾಕ್ಟರು. ಆ ಬೇರೆ ಊರು ನಮ್ಮದೇ ಆಯಿತು, ಶಾಲೆಯೂ ನನ್ನದೇ ಆಯಿತು. ಅವನು ನನಗಿಂತ ಹತ್ತೊಂಬತ್ತು ದಿನ ದೊಡ್ಡವನು. ಬರೀ ಹತ್ತೊಂಬತ್ತು ದಿನ! ಅಷ್ಟಕ್ಕೇ ಅವನನ್ನು ಅಣ್ಣ ಎನ್ನಬೇಕು ಎಂದು ಅವ್ವನ ಕಾನೂನು.

ಅವನು ಕೆಮ್ಮಿದರೆ ಶುಂಠಿ ಬೆಲ್ಲ, ಕೆಮ್ಮದಿದ್ದರೆ ಹಾಲು. ಒಂದು ರೊಟ್ಟಿ ಕಡಿಮೆ ತಿಂದರೆ ಅವ್ವ ಅರ್ಧ ದಿನ ಪರೇಶಾನು. ನಾನು ಒಂದು ರೊಟ್ಟಿ ಕಡಿಮೆ ತಿಂದರೆ ಅದನ್ನು ಎಮ್ಮೆಗೆ ಹಾಕುತ್ತಿದ್ದಳು. ಎಲ್ಲಕ್ಕಿಂತ ಮೈ ಉರಿಸುವ ಸಂಗತಿಯೆಂದರೆ ಅವನು ಮಾತಾಡುತ್ತಲೇ ಇರಲಿಲ್ಲ. ದಿನಕ್ಕೆ ನಾನು ಹತ್ತು ಸಾವಿರ ಮಾತಾಡಿ ಸಂಪಾದಿಸಿದ ಹೆಸರನ್ನು ಅವನು ಬಾಯಿ ಮುಚ್ಚಿಕೊಂಡು ಸಂಪಾದಿಸಿಬಿಟ್ಟ. "ಎಷ್ಟು ಗಂಭೀರ ಹುಡುಗ!" ಎನ್ನುತ್ತಿದ್ದರು ಬಂದವರೆಲ್ಲ, ನನ್ನ ಕಡೆ ಒಮ್ಮೆ ನೋಡಿ.

ಹಗೇವಿನ ವಿಷಯ ಹೇಳದಿದ್ದರೆ ಮುಂದೆ ಹೋಗುವಂತಿಲ್ಲ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಗುಂಡಿಯೇ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮ್ಮದು ಹಿತ್ತಲ ಕೋಣೆಯ ನಡುವೆ ಇತ್ತು, ಎರಡಾಳು ಆಳ. ಈಗೆಲ್ಲ ಜೋಳ ಚೀಲದಲ್ಲಿರುತ್ತದೆ, ಹಗೇವು ಖಾಲಿ. ಎಂಟನೇ ತರಗತಿಯಲ್ಲಿದ್ದಾಗ ಅದನ್ನು ನನ್ನ ಸ್ವಂತ ಕೋಣೆ ಮಾಡಿಕೊಳ್ಳುತ್ತೇನೆಂದು ಮೂರು ದಿನ ಗೋಳಾಡಿದ್ದೆ. ಮುತ್ಯಾ ಬಗ್ಗಲಿಲ್ಲ. "ಒಳಗ ಗಾಳಿ ಕೆಟ್ಟಿರ್ತದ. ಹೋದವ್ರು ಮಕ್ಕೊಂಡಂಗ ಸಾಯ್ತಾರ. ಬ್ಯಾಡಂದ್ರ ಬ್ಯಾಡ!" ಎಂದಿದ್ದ. ಅದೇ ಮುತ್ಯಾ, ಅದೇ ಹಗೇವನ್ನು, ರಕ್ತ ಸಂಬಂಧವೇ ಇಲ್ಲದ ಈ ಮಲ್ಲುವಿಗೆ ಒಂದೇ ಮಾತಿಗೆ ಕೊಟ್ಟ. ಕೇಳಿದರೆ, "ಅಂವ ಸಾಯನ್ಸ್ ಮಾಡ್ತಾನ. ನೀ ಮಕ್ಕೊಂತಿದ್ದಿ" ಎಂದ.

ಕೊಟ್ಟ ಮೇಲೆ ಕಟ್ಟಳೆಗಳನ್ನೂ ಹೇಳಿದ. ಇಳಿಯುವ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಯಿಯ ಕಲ್ಲು ತೆಗೆದಿರಬೇಕು. ಆಮೇಲೆ ಹಚ್ಚಿದ ಕಂದೀಲನ್ನು ಹಗ್ಗದಲ್ಲಿ ಇಳಿಬಿಡಬೇಕು. ಅದು ಆರಿದರೆ ಯಾರೂ ಇಳಿಯಬಾರದು. ಇಳಿದಾಗ ಒಬ್ಬರು ಬಾಯಿ ಕಾಯಬೇಕು. ಕಲ್ಲು ಮುಚ್ಚುವ ಮೊದಲು ಮೂರು ಸಲ ಕೂಗಿ ಕೇಳಬೇಕು, ಒಳಗಿದ್ದವರು ಓ ಎನ್ನಲೇಬೇಕು. ಜೋಳ ತುಂಬುವ ಕಾಲದಿಂದ ಬಂದ ಕಟ್ಟಳೆ ಇದು. ಓ ಎನ್ನದಿದ್ದರೆ ಒಳಗೆ ಯಾರೂ ಇಲ್ಲ ಎಂದೇ ಲೆಕ್ಕ.

ಈಗ ಮಲ್ಲುವಿನ ಸಾಯನ್ಸು. ದೊಡ್ಡ ನಕ್ಷತ್ರವೊಂದು ಸಾಯುವಾಗ ಮೊದಲು ತನ್ನೊಳಗೇ ಕುಸಿದು, ಆಮೇಲೆ ಸಿಡಿಯುತ್ತದಂತೆ. ಸಿಡಿತದ ಬೆಳಕು ಹೊರಬೀಳುವ ಮೊದಲೇ ನ್ಯೂಟ್ರಿನೋ ಎಂಬ ಕಣಗಳು ಹೊರಟುಬಿಡುತ್ತವಂತೆ. ಅವಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಇಡೀ ಭೂಮಿಯನ್ನು ಆ ಕಡೆಯಿಂದ ಈ ಕಡೆಗೆ ತೂರಿ ಹೋಗುತ್ತವೆ. ನೀವು ಇದನ್ನು ಓದುವಾಗಲೂ ಸೂರ್ಯನಿಂದ ಹೊರಟಂಥವು ಕೋಟಿಗಟ್ಟಲೆ ನಿಮ್ಮ ಮೂಗು ದಾಟಿ ಹೋಗುತ್ತಿವೆ. ನಮ್ಮ ನೆಂಟರ ಹಾಗಲ್ಲ. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು, ಚಾ ಕೂಡ ಕೇಳುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ನೀರಿನ ಕಣಕ್ಕೆ ಡಿಕ್ಕಿ ಹೊಡೆದರೆ ಕತ್ತಲೆ ನೀರಿನಲ್ಲಿ ಒಂದು ನೀಲಿ ಮಿಂಚು ಹುಟ್ಟುತ್ತದೆ. ಆ ಮಿಂಚಿಗಾಗಿ ಜಪಾನಿನಲ್ಲಿ ಗಣಿಯೊಳಗೆ ಗುಡಿಗಿಂತ ಎತ್ತರದ ನೀರಿನ ತೊಟ್ಟಿ ಕಟ್ಟಿದ್ದಾರೆ, ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗೆ ಯಂತ್ರದ ಕಣ್ಣುಗಳನ್ನು ಹೂತಿದ್ದಾರೆ. ನಮ್ಮ ಮಲ್ಲು ಹಗೇವಿನಲ್ಲಿ ಡ್ರಮ್ಮು ಇಟ್ಟ.

ಡ್ರಮ್ಮು ಜಹೀರಾಬಾದಿನ ಬಜಾರದಿಂದ ಬಸ್ಸಿನ ಮೇಲೆ ಕೂತು ಬಂತು. ಅದಕ್ಕೆ ಒಳಗೂ ಹೊರಗೂ ಕರಿ ಬಣ್ಣ. ಹನ್ನೆರಡು ಕ್ಯಾನು ಶುದ್ಧ ನೀರು. ಬೆಳಕು ಹಿಡಿಯುವ ಎರಡು ಯಂತ್ರದ ಕಣ್ಣುಗಳನ್ನು ನಮ್ಮ ಸಾಯನ್ಸ್ ಸಾರ್ ಯಾವುದೋ ಕಾಲೇಜಿನ ಗೆಳೆಯರಿಂದ ಕೇಳಿ ತಂದುಕೊಟ್ಟಿದ್ದರು. ಮೂರನೆಯದೊಂದು ಕಣ್ಣು ಡ್ರಮ್ಮಿನ ತಲೆಯ ಮೇಲೆ, ಕಾವಲಿಗೆ. ಆಕಾಶದಿಂದ ಬೇರೆ ಬೇರೆ ಕಣಗಳು ಸದಾ ಬೀಳುತ್ತಲೇ ಇರುತ್ತವಂತೆ. ಮೇಲಿಂದ ಏನೇ ಬಂದರೂ ಕಾವಲು ಕಣ್ಣಿಗೆ ಗೊತ್ತಾಗುತ್ತದೆ, ಯಂತ್ರ ಅದನ್ನು ಬಿಟ್ಟುಬಿಡುತ್ತದೆ. ಇಡೀ ಭೂಮಿಯನ್ನು ತೂರಿ ಕೆಳಗಿನಿಂದ ಬಂದದ್ದನ್ನು ಮಾತ್ರ ಎಣಿಸುತ್ತದೆ. ಮುತ್ಯಾ ಇದನ್ನು ಊರವರಿಗೆ ತಿಳಿಸಿ ಹೇಳುತ್ತಿದ್ದ: "ಮ್ಯಾಲಿಂದ ಬಂದದ್ದು ಲೆಕ್ಕಿಲ್ಲ. ಕೆಳಗಿಂದ ಬಂದದ್ದೇ ಲೆಕ್ಕ." ಹಗೇವಿನಿಂದ ಒಂದು ಪೈಪಿನಲ್ಲಿ ತಂತಿ ಮೇಲೆ ಬಂದು, ಕೋಣೆಯ ಗೋಡೆಗೂಡಿನಲ್ಲಿಟ್ಟ ಡಬ್ಬಿಗೆ ಸೇರುತ್ತಿತ್ತು. ಡಬ್ಬಿಯ ಮೇಲೆ ಕೆಂಪು ಅಂಕಿ. ಎಣಿಕೆ ಒಂದು ಏರಿದರೆ ಟಿಕ್ ಎಂದು ಸದ್ದು.

ಇಪ್ಪತ್ಮೂರು ದಿನ ಆ ಅಂಕಿ ಸೊನ್ನೆಯಾಗಿಯೇ ಇತ್ತು.

ನನಗೆ ಎಂಥ ಸಂತೋಷ! ದಿನಕ್ಕೆ ಮೂರು ಸಲ ಹೋಗಿ, "ಅಣ್ಣಾ, ಇವತ್ತ ಎಷ್ಟ್ ಬಂದಾವ?" ಎಂದು ಕೇಳುತ್ತಿದ್ದೆ. ಆದರೆ ಜನಕ್ಕೆ ಬುದ್ಧಿ ಇರಲಿಲ್ಲ. ಸೊನ್ನೆ ನೋಡಲು ಬರುತ್ತಿದ್ದರು! ಬಂದವರು ಸೊನ್ನೆಗೆ ಕೈ ಮುಗಿಯುವುದೊಂದು ಬಾಕಿ. ಬೀದರ್ ಕಡೆಯವರಾದ ನಮ್ಮ ಸಾರ್ ಒಂದು ದಿನ ಬಂದು ಅವನ ಬೆನ್ನು ತಟ್ಟಿದರು. "ನೋಡಪಾ, ನಿನ್ನ ಡ್ರಮ್ಮಿನ್ಯಾಗ ಒಂದು ಸಿಗಬೇಕಂದ್ರ ನಿನ್ನ ಮೊಮ್ಮಗನ ಮೊಮ್ಮಗ ಕಾಯ್ಕೊಂತ ಕೂಡಬೇಕು. ಆದ್ರ ಇಷ್ಟು ದಿನ ಸೊನ್ನಿ ನಿಂತದಲ್ಲ, ಅದೇ ದೊಡ್ಡದು. ಕಾವಲು ಕಣ್ಣು ಖರೇ ಕೆಲಸ ಮಾಡ್ಲಿಕ್ಕತ್ತದ ಅಂತ ಅರ್ಥ." ಅವ್ವ ಅಂದು ಅವನಿಗೆ ಹೋಳಿಗೆ ಮಾಡಿದಳು. ಅದೇ ವಾರ ನನಗೆ ಗಣಿತದಲ್ಲಿ ತೊಂಬತ್ತಾರು ಬಂದಿತ್ತು. ಮುತ್ಯಾ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಉಳಿದ ನಾಲ್ಕು ಎಲ್ಲಿ ಹ್ವಾದವು?" ಎಂದ. ತೊಂಬತ್ತಾರಕ್ಕೆ ವಿಚಾರಣೆ, ಸೊನ್ನೆಗೆ ಹೋಳಿಗೆ. ಇದನ್ನು ಓದುವ ನೀವೇ ನ್ಯಾಯ ಹೇಳಿ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಜಿಲ್ಲೆಯ ಸಾಯನ್ಸ್ ಪ್ರದರ್ಶನಕ್ಕೆ ಶಾಲೆಯಿಂದ ಒಂದೇ ಮಾದರಿ ಹೋಗಬೇಕಿತ್ತು. ಇದ್ದದ್ದು ಎರಡು, ಅವನ ಸೊನ್ನೆ ಮತ್ತು ನನ್ನ ಬಿಸಿಲೊಲೆ. ಹಳೆ ಛತ್ರಿಗೆ ಬೆಳ್ಳಿ ಕಾಗದ ಅಂಟಿಸಿ ಮಾಡಿದ ಒಲೆ ಅದು. ನಾಲ್ಕು ತಾಸಿನಲ್ಲಿ ಒಂದು ಹಿಡಿ ಅಕ್ಕಿಯನ್ನು ಮುಕ್ಕಾಲು ಬೇಯಿಸುತ್ತಿತ್ತು. ಸಾರ್ ನನ್ನ ಒಲೆಯನ್ನು ಶಾಲೆಯಲ್ಲೇ ನೋಡಿ, "ಛಲೋ ಅದ" ಎಂದು ಮುಂದೆ ಹೋಗಿದ್ದರು. ಹಗೇವನ್ನು ಶಾಲೆಗೆ ಹೊತ್ತೊಯ್ಯಲು ಆಗದ ಕಾರಣ, ಅದಕ್ಕಾಗಿಯೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಗೆ ಬರುವವರಿದ್ದರು. ಗುಂಡಿಯೊಂದಕ್ಕೆ ಇಷ್ಟು ಮರ್ಯಾದೆ!

ನನ್ನ ಉಪಾಯ ಸರಳ. ಅವನ ಯಂತ್ರದ ಮರ್ಯಾದೆ ಸೊನ್ನೆಯಲ್ಲಿತ್ತು, ಆ ಸೊನ್ನೆಯನ್ನೇ ಕೆಡಿಸುವುದು. ಮೊದಲೇ ಒಳಗೆ ಇಳಿದು ಡ್ರಮ್ಮಿನ ಹಿಂದೆ ಕೂರುವುದು. ಸಾರ್ ಬಂದು ಡಬ್ಬಿಯ ಮುಂದೆ ನಿಂತಾಗ ಡ್ರಮ್ಮಿಗೆ ಹೊದಿಸಿದ್ದ ಕರಿ ತಾಡಪತ್ರಿ ಎತ್ತಿ, ಬ್ಯಾಟರಿ ಬೆಳಕನ್ನು ಮದುವೆಯ ಬ್ಯಾಂಡಿನ ತಾಳಕ್ಕೆ ಬಿಡುವುದು. ಮೇಲೆ ಡಬ್ಬಿ ಟಿಕ್ ಟಿಕ್ ಎಂದು ಕುಣಿಯುತ್ತದೆ. ಮಲ್ಲು ನಕ್ಷತ್ರ ಸಿಡಿಯಿತು ಎಂದು ಕಣ್ಣೀರು ಹಾಕುತ್ತಾನೆ. ಆಗ ನಾನು ಕೆಳಗಿನಿಂದ ಕೂಗಿ ಮೇಲೆ ಬರುತ್ತೇನೆ, ಎಲ್ಲರೂ ನಗುತ್ತಾರೆ, ಬಿಸಿಲೊಲೆ ಜಿಲ್ಲೆಗೆ ಹೋಗುತ್ತದೆ. ಕಾವಲು ಕಣ್ಣಿನ ನೆನಪು ಬರಲಿಲ್ಲವೇ ಎಂದು ಕೇಳುತ್ತೀರಿ. ಬಂದಿತ್ತು. ಆದರೆ ಅವನು ಕಟ್ಟಿದ್ದು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ತಯಾರಿರಲಿಲ್ಲ.

ಆ ಭಾನುವಾರ ಅಪ್ಪ ತೊಗರಿ ಮಾರಲು ಜಹೀರಾಬಾದಿಗೆ ಹೋಗಿದ್ದ. ಬೆಳಗಿನಿಂದ ಹಗೇವಿನ ಬಾಯಿ ತೆಗೆದಿತ್ತು. ಮಧ್ಯಾಹ್ನ ಮಲ್ಲು ಕಂದೀಲು ಇಳಿಬಿಟ್ಟ, ಅದು ಚೆನ್ನಾಗಿ ಉರಿಯಿತು. ಇಳಿದು ಡ್ರಮ್ಮನ್ನೊಮ್ಮೆ ನೋಡಿ, ಕಂದೀಲನ್ನೂ ಎತ್ತಿಕೊಂಡು ಮೇಲೆ ಬಂದ. ಬೆಳಕು ನುಸುಳದಂತೆ ಕಲ್ಲಿನ ಅಂಚಿಗೆ ಮೆತ್ತುವ ಮಣ್ಣು ಕಲಸಲು ಅವನು ಅಂಗಳಕ್ಕೆ ಹೋದ. ನಾನು ನಿಚ್ಚಣಿಕೆ ಇಳಿದು ಡ್ರಮ್ಮಿನ ಹಿಂದೆ ಮುದುಡಿ ಕೂತೆ. ಹಳೇ ಜೋಳದ ವಾಸನೆ. ಗೋಡೆಗೆ ಮೆತ್ತಿದ ಹುಲ್ಲು ಕುತ್ತಿಗೆಗೆ ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ದುಂಡು ಬೆಳಕಿನಲ್ಲಿ ಮಲ್ಲುವಿನ ತಲೆ ಕಾಣಿಸಿತು.

"ಒಳಗ ಯಾರರ ಅದೀರೇನು?" ಎಂದು ಕೂಗಿದ.

ನಾನು ಉಸಿರು ಹಿಡಿದೆ.

"ಒಳಗ ಯಾರರ ಅದೀರೇನು?"

ಮೂಗಿನ ತುದಿ ತುರಿಸುತ್ತಿತ್ತು, ಕೈ ಎತ್ತಲಿಲ್ಲ.

ಮೂರನೇ ಸಲ ಕೂಗಿ, ಕೆಮ್ಮಿ, ಒಂದು ಗಳಿಗೆ ಕಾದ. ಕಟ್ಟಳೆಯನ್ನು ಅಕ್ಷರ ಬಿಡದೆ ಪಾಲಿಸುವ ಹುಡುಗ. ನಾನು ಓ ಎನ್ನಲಿಲ್ಲ. ತಾಂಡೂರಿನಿಂದಲೇ ಬಂದ ಆ ದಪ್ಪ ಬಂಡೆ ಗರಗರ ಎಂದು ಬಾಯಿಯ ಮೇಲೆ ಕೂತಿತು. ಅಂಚಿಗೆ ಮಣ್ಣು ಮೆತ್ತುವ ಸದ್ದು. ಒಂದೊಂದೇ ಗೆರೆಯಾಗಿ ಬೆಳಕು ಮುಗಿಯಿತು.

ಅಂಥ ಕತ್ತಲೆಯನ್ನು ನೀವು ನೋಡಿಲ್ಲ. ಕರೆಂಟು ಹೋದಾಗಿನ ಕತ್ತಲೆ ಇದರ ಮುಂದೆ ಮಧ್ಯಾಹ್ನ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕಾಯಿತು. ಹಾಗೆ ಮುಟ್ಟಿ ನೋಡುವಾಗಲೇ ಕೈಯಲ್ಲಿದ್ದ ಬ್ಯಾಟರಿ ಜಾರಿ ಬಿತ್ತು. ಡ್ರಮ್ಮಿನ ಬುಡಕ್ಕೆ ಹಾಕಿದ್ದ ಮರಳಿನಲ್ಲಿ ಅಂಗೈ ಆಡಿಸಿ ಹುಡುಕಿದೆ, ಸಿಗಲಿಲ್ಲ. ಒಂದು ಮಹಾ ಸಂಚು ಮೊದಲ ನಿಮಿಷದಲ್ಲೇ ಮರಳು ಸೇರಿತು. ಈಗ ನನ್ನ ಹತ್ತಿರ ಬೆಳಕಿನ ಒಂದು ಕಿಡಿಯೂ ಇರಲಿಲ್ಲ. ಇದೊಂದನ್ನು ದಯವಿಟ್ಟು ನೆನಪಿಡಿ.

ಕೂಗಬೇಕೆಂದಿದ್ದೆ. ಅಷ್ಟರಲ್ಲಿ ತಂತಿಯ ಪೈಪಿನ ಮೂಲಕ ಸಾರ್ ದನಿ ಕೇಳಿಸಿತು, ದೂರದ ಬಾವಿಯಿಂದ ಬಂದ ಹಾಗೆ. ಮುತ್ಯಾ ಅವರಿಗೆ ಕೂಡ್ರಿ ಎನ್ನುತ್ತಿದ್ದ, ಅವ್ವ ಚಾ ತಂದಳು, ಕಪ್ಪು-ಬಸಿಗಳ ಸದ್ದಾಯಿತು. ಈಗ ಕೂಗಿದರೆ ನಾನೇ ನಗೆಪಾಟಲು. ಅವರು ಹೋಗುವ ತನಕ ಸುಮ್ಮನಿರೋಣ ಎಂದುಕೊಂಡು ಮೊಣಕಾಲಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದೆ.

ಆಗ ಮುಚ್ಚಿದ ಕಣ್ಣಿನೊಳಗೆ ಒಂದು ಮಿಂಚು ಹೊಡೆಯಿತು.

ನೀಲಿ. ಗ್ಯಾಸ್ ಒಲೆಯ ಉರಿಯ ನೀಲಿಗಿಂತ ತೆಳು. ಒಗ್ಗರಣೆಯಲ್ಲಿ ಸಾಸಿವೆಯೊಂದು ಸಿಡಿದಷ್ಟೇ ಹೊತ್ತು. ಮೇಲೆ ಪೈಪಿನಲ್ಲಿ ಟಿಕ್ ಎಂದಿತು.

ಕಣ್ಣು ತೆರೆದೆ. ಏನೂ ಇಲ್ಲ. ತೆರೆದ ಕಣ್ಣಿನಲ್ಲೇ ಇನ್ನೊಂದು ಹೊಡೆಯಿತು. ಟಿಕ್. ಮೇಲೆ ಬಸಿ ಸದ್ದು ನಿಂತಿತು. ಮೂರನೆಯದು, ನಾಲ್ಕನೆಯದು ಒಂದರ ಹಿಂದೆ ಒಂದು. ಟಿಕ್, ಟಿಕ್. ಡ್ರಮ್ಮಿನ ಕಡೆ ನೋಡಿದರೂ ಗೋಡೆಯ ಕಡೆ ನೋಡಿದರೂ ಅಷ್ಟೇ. ಬೆಳಕು ಹೊರಗಿರಲಿಲ್ಲ, ನನ್ನ ಕಣ್ಣೊಳಗಿತ್ತು, ಕೆಳಗಿನಿಂದ ಮೇಲಕ್ಕೆ ಒಂದು ಗೀರು ಎಳೆದ ಹಾಗೆ. ಪ್ರತಿ ಗೀರಿಗೂ ಮೇಲೆ ಒಂದು ಟಿಕ್. ನಾನು ಬೆರಳು ಮಡಿಸಿ ಎಣಿಸಿದೆ. ಎಂಟು. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ. ಮುಗಿಯಿತು ಎನ್ನುವಾಗ ಒಂಬತ್ತನೆಯದು. ಟಿಕ್. ಒಂದು ರೊಟ್ಟಿ ಬಡಿಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು.

ಹೆದರಿಕೆ ಆಗಲಿಲ್ಲ. ಯಾರೋ ಬಹಳ ದೂರದಿಂದ ಬಂದು, ನನ್ನನ್ನು ಗುರುತಿಸದೆ, ನನ್ನ ಮೈಯೊಳಗಿಂದಲೇ ಹಾದುಹೋದ ಹಾಗಿತ್ತು. ಅಷ್ಟು ಹೊತ್ತು ನಾನು ಮಲ್ಲುವನ್ನು ಮರೆತಿದ್ದೆ. ಅವನು ನಮ್ಮ ಮನೆಗೆ ಬಂದಮೇಲೆ ಹಾಗೆ ಮರೆತದ್ದು ಅದೊಂದೇ ಸಲ.

ನೀವು ಏನು ಕೇಳುತ್ತೀರಿ ಎಂದು ಗೊತ್ತು. ಗಾಳಿ ಕೆಟ್ಟು ತಲೆ ತಿರುಗಿರಬೇಕು ಎನ್ನುತ್ತೀರಿ. ಇರಬಹುದು, ಕಲ್ಲು ಮುಚ್ಚಿ ಅರ್ಧ ತಾಸಾಗಿತ್ತು. ಆದರೆ ನನ್ನ ತಲೆ ತಿರುಗಿದರೆ ಮೇಲಿನ ಕೋಣೆಯ ಡಬ್ಬಿ ಯಾಕೆ ಎಣಿಸಬೇಕು? ತಂತಿ ಸಡಿಲಾಗಿತ್ತು ಎನ್ನುತ್ತೀರಿ. ಆ ಸಡಿಲು ತಂತಿಗೆ ನನ್ನ ಕಣ್ಣಿನ ಸಂಗತಿ ಹೇಗೆ ಗೊತ್ತು? ಮೊದಲು ಟಿಕ್ ಕೇಳಿಸಿ, ಆಮೇಲೆ ಮಿಂಚನ್ನು ನಾನೇ ಕಲ್ಪಿಸಿಕೊಂಡೆ ಎನ್ನುತ್ತೀರಿ. ಈ ಪ್ರಶ್ನೆಗೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಮೊದಲನೆಯದು ಮಿಂಚಿನಿಂದಲೇ ಶುರುವಾಯಿತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ನನ್ನ ನೆನಪಿನ ನಡತೆ ಎಂಥದ್ದೆಂದು ಮೊದಲೇ ಹೇಳಿದ್ದೇನೆ. ಆಮೇಲೆ ಓದಿದೆ, ಬಾಹ್ಯಾಕಾಶಕ್ಕೆ ಹೋದವರಿಗೆ ಕಣ್ಣು ಮುಚ್ಚಿದಾಗ ಇಂಥ ಮಿಂಚುಗಳು ಕಾಣುತ್ತವಂತೆ, ಆಕಾಶದ ಕಣಗಳು ಕಣ್ಣಿಗೆ ತಾಗಿ. ಕಣ್ಣಿನಲ್ಲೂ ನೀರೇ ಇದೆಯಲ್ಲ. ಆದರೆ ಅಷ್ಟು ದೊಡ್ಡ ತೊಟ್ಟಿಗೇ ಅಪರೂಪವಾದದ್ದು ನನ್ನ ಎರಡು ನೆಲ್ಲಿಕಾಯಿಯಷ್ಟು ಕಣ್ಣಿಗೆ ಒಂಬತ್ತು ಸಲ ಯಾಕೆ ಬರಬೇಕು? ಆ ತಿಂಗಳೆಲ್ಲ ಸುದ್ದಿ ಹುಡುಕಿದೆ. ಯಾವ ನಕ್ಷತ್ರವೂ ಸಿಡಿದಿರಲಿಲ್ಲ. ಜಪಾನಿನವರು ಸುಮ್ಮನಿದ್ದರು, ಧ್ರುವದವರೂ ಸುಮ್ಮನಿದ್ದರು. ಮತ್ತೊಮ್ಮೆ ಕೂತು ನೋಡಲು ಹಗೇವೂ ಈಗಿಲ್ಲ, ಅಪ್ಪ ಸುರಿಸಿದ ಒಂದು ಟ್ರ್ಯಾಕ್ಟರ್ ಮಣ್ಣು ಅದರ ಹೊಟ್ಟೆಯಲ್ಲಿದೆ. ವರ್ಷ ತುಂಬುವ ಮೊದಲೇ ವಾಪಸ್ಸು ಹೋದ ಮಲ್ಲು ತಾಂಡೂರಿನಲ್ಲಿದ್ದಾನೆ, ಅದೇ ಧೂಳಿನಲ್ಲಿ. ನನ್ನ ಫೋನು ಎತ್ತುವುದಿಲ್ಲ. ಜಿಲ್ಲೆಗೆ ನನ್ನ ಬಿಸಿಲೊಲೆಯೇ ಹೋಯಿತು. ಅಂದು ದಿನವಿಡೀ ಮೋಡ.

ಮತ್ತೆ ಹಗೇವಿಗೆ ಬರೋಣ. ಒಂಬತ್ತನೆಯ ಟಿಕ್ ಮುಗಿದಿತ್ತು. ಆಮೇಲೆ ಸಾರ್ ದನಿ ಬಂತು, ಶಾಲೆಯಲ್ಲಿ ಎಂದೂ ಕೇಳದಂಥ ಸಣ್ಣ ದನಿ: "ಮಲ್ಲಿಕಾರ್ಜುನಾ, ಇದು ಏನಪಾ ಇದು?" ಮಲ್ಲು ಅಳುತ್ತಿದ್ದ. ಮುತ್ಯಾ, "ಬಂದಾವ! ಕೆಳಗಿಂದ ಬಂದಾವ! ನಮ್ಮ ಹಗೇವಿಗಿ ಬಂದಾವ!" ಎಂದು ಕೂಗುತ್ತಿದ್ದ.

ಆ ಗಳಿಗೆಯಲ್ಲಿ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಬಿಸಿಲೊಲೆಯ ಅಕ್ಕಿ ಎರಡು ನಿಮಿಷಕ್ಕೆ ಬೇಯುತ್ತಿತ್ತು. ಮಿಂಚು ಬಂದದ್ದು ನನ್ನ ಕಣ್ಣಿಗೆ, ಹೆಸರು ಅವನಿಗೆ! ಇಷ್ಟು ದಿನ ಸೊನ್ನೆಗೇ ಹೋಳಿಗೆ ಸಿಕ್ಕಿತ್ತು, ಇನ್ನು ಒಂಬತ್ತಕ್ಕೆ ಏನೇನು ಮಾಡುತ್ತಾರೋ. ನಿಚ್ಚಣಿಕೆ ಏರಿ ಎರಡೂ ಮು‍ಷ್ಟಿಯಿಂದ ಬಂಡೆ ಗುದ್ದಿದೆ. "ಮುತ್ಯಾ! ನಾ ಒಳಗ ಇದ್ದೀನಿ! ತಗೀರಿ!"

ಬಂಡೆ ಸರಿಯಿತು. ಮುತ್ಯಾನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ರಟ್ಟೆ ಹಿಡಿದು ಎಳೆದು, ಮೊದಲು ಅಪ್ಪಿಕೊಂಡ, ಆಮೇಲೆ ಬೆನ್ನಿಗೊಂದು ಬಾರಿಸಿದ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಸಾರ್ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಡಬ್ಬಿಯನ್ನು ನೋಡಿದರು, ದೊಡ್ಡದಾಗಿ ನಕ್ಕುಬಿಟ್ಟರು.

"ಓಹೋ! ನೋಡಪಾ ಮಲ್ಲಿಕಾರ್ಜುನಾ, ನಿನ್ನ ನಕ್ಷತ್ರ ಬಂತು! ಎರಡು ಜಡಿ ಹಾಕ್ಕೊಂಡದ!"

ಮಲ್ಲು ನಗಲಿಲ್ಲ. ಕೆನ್ನೆ ಒರೆಸಿಕೊಂಡು ನನ್ನ ಹತ್ತಿರ ಬಂದ.

"ನೀ ಮಾಡಿದ್ಯೇನು?"

ಇಲ್ಲ ಎಂದರೆ ಆ ಒಂಬತ್ತು ಅವನದಾಗುತ್ತಿತ್ತು. ನಾನು ಕಂಡದ್ದನ್ನು ಹೇಳಿದರಂತೂ ಅದಕ್ಕೆ ನಾನೇ ಸಾಕ್ಷಿಯಾಗುತ್ತಿದ್ದೆ. ಹೌದು ಎಂದರೆ ನನಗೆ ನಾಲ್ಕು ಏಟು, ಅವನಿಗೆ ಏನೂ ಇಲ್ಲ. ಆ ಲೆಕ್ಕಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹೌದು," ಎಂದೆ. "ಬ್ಯಾಟರಿ ಬಿಟ್ಟೆ."

ಮಾಡದ ತಪ್ಪನ್ನು ಒಪ್ಪಿಕೊಂಡು ಜಂಬಪಟ್ಟವಳು ಈ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಸಾರ್ ತಲೆ ಅಲ್ಲಾಡಿಸಿ ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರು. "ಆತು ಬಿಡ್ರಿ, ಹುಡುಗರ ಆಟ," ಎಂದು ಮುತ್ಯಾನಿಗೆ ಹೇಳಿ, ಗಾಡಿ ಹತ್ತಿ ಹೋದರು. ಮುತ್ಯಾ ನೆಲಕ್ಕೆ ಕೂತು ಎದೆ ಒತ್ತಿಕೊಳ್ಳುತ್ತಿದ್ದ, ಅವ್ವ ಅವನಿಗೆ ನೀರು ತರಲು ಓಡಿದಳು. ಮಲ್ಲು ಮಾತ್ರ ನನ್ನ ಮುಂದಿನಿಂದ ಕದಲಲಿಲ್ಲ.

"ಬ್ಯಾಟರಿ ಯಾ ಕಡಿಂದ ಹಿಡದಿ?" ಎಂದು ಕೇಳಿದ, ನನಗಷ್ಟೇ ಕೇಳುವಂತೆ.

"ಮ್ಯಾಲಿಂದ. ತಾಡಪತ್ರಿ ಎತ್ತಿ."

"ಮ್ಯಾಲಿಂದ ಹಿಡದ್ರ ಅದು ಎಣಸಂಗಿಲ್ಲ."

ಸುಳ್ಳು ಹೇಳುವುದರಲ್ಲಿ ನನಗೆ ಸರಿಸಾಟಿ ಇಲ್ಲ ಎಂದುಕೊಂಡಿದ್ದೆ. ದಿನಕ್ಕೆ ಮೂರೇ ಮಾತಾಡುವವನ ಮುಂದೆ ಸಿಕ್ಕಿಬಿದ್ದಿದ್ದೆ.

"ಎಷ್ಟ ಸಲ ಬಿಟ್ಟಿ?"

"ಒಂಬತ್ತು."

ಅವನು ಗೂಡಿನ ಕಡೆ ತಿರುಗಿದ. ಡಬ್ಬಿಯ ಮೇಲೆ ಕೆಂಪಗೆ ಒಂಬತ್ತು ಉರಿಯುತ್ತಿತ್ತು. ಅದು ಕೆಳಗಿನಿಂದ ಕಾಣುವಂತಿರಲಿಲ್ಲ, ನಾನು ಮೇಲೆ ಬಂದಾಗಿನಿಂದ ಅವನೇ ಅದಕ್ಕೆ ಅಡ್ಡ ನಿಂತಿದ್ದ. ಮತ್ತೆ ನನ್ನ ಕಡೆ ತಿರುಗಿದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನದಕ್ಕಿಂತ ದೊಡ್ಡ ಹೊಟ್ಟೆಕಿಚ್ಚನ್ನು ನಾನು ಮೊದಲ ಸಲ ಇನ್ನೊಬ್ಬರ ಮುಖದ ಮೇಲೆ ಕಂಡೆ.

"ನೀ ಏನರ ಕಂಡಿ," ಎಂದ. "ನಾ ಇಪ್ಪತ್ಮೂರು ದಿನ ಕಾದೆ, ನೀ ಕಂಡಿ. ಖರೇ ಹೇಳು, ಹ್ಯಾಂಗಿತ್ತು? ನಾ ಯಾರಿಗೂ ಹೇಳಂಗಿಲ್ಲ. ನನಗೊಬ್ಬವಂಗ ಹೇಳು."

ನಾನು ಬಾಯಿ ತೆರೆದೆ. ನಿಜ ಹೇಳಲು ತೆರೆದೆನೋ ಇನ್ನೊಂದು ಸುಳ್ಳಿಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದ.

ತೊಗರಿ ಬೇಗ ಮಾರಾಟವಾಗಿತ್ತು. ಹೆಗಲ ಮೇಲೆ ಖಾಲಿ ಚೀಲ, ಕೈಯಲ್ಲಿ ನನಗೆ ತಂದ ಬಾಳೆಹಣ್ಣು. ಅವನು ನನ್ನ ಮಣ್ಣು ಮೆತ್ತಿದ ಕೂದಲು ನೋಡಿದ, ಎದೆ ಹಿಡಿದು ಕೂತ ಮುತ್ಯಾನನ್ನು ನೋಡಿದ, ಬಾಯಿ ತೆರೆದ ಹಗೇವು ನೋಡಿದ, ಪಕ್ಕಕ್ಕೆ ಸರಿಸಿದ ಬಂಡೆ ನೋಡಿದ.

"ಈಕಿ ಒಳಗ ಇದ್ದಾಗ ಕಲ್ಲು ಮುಚ್ಚಿದವ್ರು ಯಾರು?"

ಮೂರು ಸಲ ಕೂಗಿದ್ದೆ ಎಂದು ಮಲ್ಲು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ನನ್ನ ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದ.

"ನಾನೇ ರೀ, ಕಾಕಾ," ಎಂದ.

ಅಪ್ಪ ಬಾಳೆಹಣ್ಣನ್ನು ನೆಲದ ಮೇಲಿಟ್ಟು, ಗೂಡಿನ ಹತ್ತಿರ ಹೋಗಿ, ಗೋಡೆಯಿಂದ ತಂತಿಯನ್ನು ಕಿತ್ತ. ಒಂಬತ್ತು ಆರಿಹೋಯಿತು.